ಅಮಾವಾಸ್ಯೆ ಟೇಪಿನ ಎರಡನೇ ಬದಿ

ವಾಸನೆಯೊಂದು ಮೂಗಿಗೆ ಬಡಿದ ಕೂಡಲೇ ಹಳೆಯ ಕಾಲವೆಲ್ಲ ಎದ್ದು ಬರುತ್ತದೆ ಎಂದು ಹೇಳುವವರ ಜೊತೆ ನಾನು ಯಾವಾಗಲೂ ಜಗಳವಾಡಿದ್ದೇನೆ. ಮೊನ್ನೆ ಬಾಗಲೂರಿನಲ್ಲಿ ಬಸ್ಸಿಳಿದು ಅಜ್ಜಿಯ ಮನೆಯ ಬೀದಿಗೆ ತಿರುಗಿದಾಗ ಆ ಒಂದು ಅಂಶವನ್ನು ಎದುರು ಪಕ್ಷಕ್ಕೆ ಬಿಟ್ಟುಕೊಡಬೇಕಾಯಿತು. ಬಿಸಿ ರಾಗಿ ಹಿಟ್ಟಿನ ವಾಸನೆ, ಅದರ ಮೇಲೆ ಡೀಸೆಲ್ ಹೊಗೆ. ಮನೆಯ ಹಿಂದಿನ ರಾಗಿ ಮಿಷನ್ನು ಓಡುತ್ತಿತ್ತು. ಹೊಗೆ ಕೊಳವೆಯ ತುದಿಗೆ ಮಗುಚಿ ಹಾಕಿದ ತಗಡಿನ ಡಬ್ಬ ಅದೇ ಹಳೆಯ ತಾಳದಲ್ಲಿ ಕುಕ್, ಕುಕ್, ಕುಕ್ ಎನ್ನುತ್ತಿತ್ತು. ನನ್ನ ಕಾಲು ತಾನಾಗಿ ನಿಂತಿತು.

ನಾನು ಸುಮ್ಮನೆ ಊರು ನೋಡಲು ಬಂದವಳಲ್ಲ. ಒಂದು ವಾದವನ್ನು ಕಟ್ಟಿಕೊಂಡು ಬಂದಿದ್ದೆ. ನಾಲ್ಕೈದು ವರ್ಷದ ಕೆಳಗೆ, ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ, ಇದೇ ಮನೆಯಲ್ಲಿ ನಾನು ಸೋತಿದ್ದೆ. ಸೋತದ್ದು ಯಾರಿಗೆ ಅನ್ನುವುದೇ ತಿಳಿಯದ ಸೋಲು. ಅದಕ್ಕೆ ಈಗ ಉತ್ತರ ಸಿಕ್ಕಿತ್ತು.

ಆ ವರ್ಷ ಕೃಷ್ಣಗಿರಿಯ ಕಾಲೇಜು ಮುಷ್ಕರದಿಂದ ಮುಚ್ಚಿತ್ತು. ಅಮ್ಮ ನನ್ನನ್ನು ತನ್ನ ತವರಿಗೆ, ಹೊಸೂರಿನ ಹತ್ತಿರದ ಬಾಗಲೂರಿಗೆ ಕಳಿಸಿದಳು. "ಗಿರಿಜಂಗೆ ಜೊತೆಯಾಗಿರು, ವಾದ ಗೀದ ಮಾಡ್ಬೇಡ" ಎಂದು ಬಸ್ ಸ್ಟ್ಯಾಂಡಿನವರೆಗೂ ಹೇಳಿಕೊಂಡು ಬಂದಳು. ಗಿರಿಜಾ ನನ್ನ ಚಿಕ್ಕ ಮಾವನ ಹೆಂಡತಿ, ನನಗೆ ಅತ್ತೆ. ಚಿಕ್ಕ ಮಾವ, ಮುನಿರಾಜ, ಹಿಂದಿನ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಕಾಣೆಯಾಗಿದ್ದ.

ಕಾಣೆಯಾದದ್ದು ಹೀಗೆ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಅವನಿಗೆ ಎಲೆಕ್ಟ್ರಿಕಲ್ ಕೆಲಸ. ಆ ದಿನ ಮಧ್ಯಾಹ್ನದ ಪಾಳಿ ಮುಗಿಸಿ, ಮನೆ ಕಡೆ ಬರದೆ, ಸಾನಮಾವಿನ ಕಾಡಿನ ರಸ್ತೆ ಹಿಡಿದಿದ್ದಾನೆ. ಯಾಕೆ ಅನ್ನುವುದು ಯಾರಿಗೂ ಗೊತ್ತಿಲ್ಲ. ಮರುದಿನ ಸೌದೆಗೆ ಹೋದವರಿಗೆ ಅವನ ಸೈಕಲ್ಲು ಸಿಕ್ಕಿತು. ಬಿದ್ದಿರಲಿಲ್ಲ. ಸ್ಟ್ಯಾಂಡು ಹಾಕಿ, ಬೀಗ ಹಾಕಿ, ಹುಣಸೆ ಮರದ ನೆರಳಲ್ಲಿ ನಿಲ್ಲಿಸಿತ್ತು. ಬೀಗದ ಕೈ ಇಲ್ಲ, ಅವನೂ ಇಲ್ಲ. ಆನೆ ಎಂದರು ಕೆಲವರು. ಆನೆ ಮನುಷ್ಯನನ್ನು ಕೊಂದರೆ ಅಲ್ಲೇ ಬಿಟ್ಟು ಹೋಗುತ್ತದೆ, ಹೊತ್ತುಕೊಂಡು ಹೋಗುವುದಿಲ್ಲ. ಅರಣ್ಯದವರು ಹುಡುಕಿದರು, ಪೊಲೀಸರು ತಮಿಳಿನಲ್ಲಿ ಬರೆದುಕೊಂಡರು. ಒಂದು ಚಪ್ಪಲಿ ಕೂಡ ಸಿಗಲಿಲ್ಲ.

ಮನೆಯಲ್ಲಿ ಉಳಿದದ್ದು ಅವನ ಕಂಪ್ಯೂಟರು. ಕೆಲಸ ಬಿಟ್ಟು ಹೋಗುತ್ತಿದ್ದ ಎಂಜಿನಿಯರ್ ಒಬ್ಬರಿಂದ ಅದನ್ನು ಕೊಂಡಿದ್ದ. ಇಡೀ ಯಂತ್ರ ಒಂದು ಕೀಲಿಮಣೆಯೊಳಗೇ ಅಡಗಿತ್ತು. ನೋಡಲಿಕ್ಕೆ ಪುಸ್ತಕದಷ್ಟು, ಕೀಲಿಗಳು ರಬ್ಬರಿನವು. ಅದನ್ನು ಕಪ್ಪುಬಿಳುಪು ಟಿವಿಗೆ ಒಂದು ವೈರಿನಿಂದ ಸೇರಿಸಬೇಕು. ಅದರ ಪ್ರೋಗ್ರಾಮುಗಳಿಗೆ ಕರೆಂಟು ಹೋದರೆ ಪ್ರಾಣವಿಲ್ಲ. ಹಾಗಾಗಿ ಅವನ್ನು ಹಾಡು ಕೇಳುವ ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಉಳಿಸಿಡಬೇಕು, ಬೇಕಾದಾಗ ಟೇಪ್‌ರೆಕಾರ್ಡರಿನಿಂದ ಮತ್ತೆ ಕಂಪ್ಯೂಟರಿಗೆ ಕುಡಿಸಬೇಕು.

ಈ ವಿದ್ಯೆಯನ್ನು ಅವನು ನನಗೆ ಕಾಣೆಯಾಗುವ ಮೊದಲಿನ ರಜೆಯಲ್ಲಿ ಹೇಳಿಕೊಟ್ಟಿದ್ದ. ಕ್ಯಾಸೆಟ್ಟನ್ನು ಟಿವಿಯ ಮೇಲಿಡಬಾರದು, ಸ್ಪೀಕರಿನ ಅಯಸ್ಕಾಂತ ಬರೆದದ್ದನ್ನು ನೆಕ್ಕಿಬಿಡುತ್ತದೆ. ಟೇಪಿನ ಹೆಡ್ಡನ್ನು ಆಗಾಗ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಬೇಕು. ಒಂದು ಪ್ರೋಗ್ರಾಮನ್ನು ಎರಡು ಸಲ ಉಳಿಸಬೇಕು, ಎರಡನೆಯದನ್ನು ಕ್ಯಾಸೆಟ್ಟಿನ ಇನ್ನೊಂದು ಬದಿಗೆ. ವಾಲ್ಯೂಮು ಒಂದೇ ಜಾಗದಲ್ಲಿರಬೇಕು. ಆ ಜಾಗ ತಪ್ಪಬಾರದೆಂದು ಅತ್ತೆಯ ಉಗುರಿನ ಬಣ್ಣದಿಂದ ರೆಕಾರ್ಡರಿನ ಮೇಲೆ ಕೆಂಪು ಗೀಟೊಂದನ್ನು ಎಳೆದಿದ್ದ. ಎಲ್ಲಕ್ಕಿಂತ ಮುಖ್ಯವಾದದ್ದು: ಯಾವ ಪ್ರೋಗ್ರಾಮನ್ನೂ ಓಡಿಸುವ ಮೊದಲು ತೆರೆದು ಓದಬೇಕು. ಲಿಸ್ಟ್ ಎಂದು ಟೈಪು ಮಾಡಿದರೆ ಅದರ ಕರುಳೆಲ್ಲ ಸಾಲುಸಾಲಾಗಿ ಪರದೆಯ ಮೇಲೆ ಬರುತ್ತದೆ. ಅಂಗಡಿಯಲ್ಲಿ ಮಾರುವ ಕೆಲವು ಆಟಗಳು ಹಾಗೆ ತೆರೆದುಕೊಳ್ಳುತ್ತಿರಲಿಲ್ಲ. ಅವನ್ನು ಕಂಡರೆ ಅವನಿಗಾಗದು. "ಒಳಗೇನೈತೆ ಅಂತ ತೋರಿಸ್ದೆ ಇರೋದು ನಮ್ ಮನೆಗೆ ಬ್ಯಾಡ ಕಣಮ್ಮಿ. ತೆಗ್ದು ನೋಡಂಗಿರ್ಬೇಕು, ತಿದ್ದಂಗಿರ್ಬೇಕು, ಕೇಳ್ದೋರ್ಗೆ ಕೊಡಂಗಿರ್ಬೇಕು." ತನ್ನ ಪ್ರೋಗ್ರಾಮುಗಳನ್ನು ಕಾರ್ಖಾನೆಯಲ್ಲಿ ಕೇಳಿದವರಿಗೆಲ್ಲ ಟೇಪು ಮಾಡಿ ಕೊಡುತ್ತಿದ್ದ.

ಅವನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ನನ್ನ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದವನು ಅವನೊಬ್ಬನೇ. ಕಾಲೇಜಿನಲ್ಲಿ ನಾನು ತಮಿಳು ಪಟ್ಟಿಮನ್ರಂಗಳಲ್ಲಿ, ಅಂದರೆ ಎರಡು ಪಕ್ಷ ಕಟ್ಟಿ ನಡುವೆ ಒಬ್ಬ ತೀರ್ಪುಗಾರನನ್ನು ಕೂರಿಸಿ ನಡೆಸುವ ವಾದಗಳಲ್ಲಿ, ಮನೆಮಾತು ಕನ್ನಡವಾದರೂ ಬಹುಮಾನ ಹೊಡೆಯುತ್ತಿದ್ದೆ. ಮನೆಗೆ ಬಂದರೆ ಎರಡನೇ ವಾಕ್ಯ ಮುಗಿಯುವುದರೊಳಗೆ ಯಾರಾದರೂ ಬಾಯಿ ಹಾಕುತ್ತಿದ್ದರು. ಚಿಕ್ಕ ಮಾವ ಹಾಕುತ್ತಿರಲಿಲ್ಲ. ನಾನು ಮುಗಿಸುವವರೆಗೆ ಸುಮ್ಮನಿರುತ್ತಿದ್ದ. ಮುಗಿದ ಮೇಲೂ ಒಂದು ಉಸಿರಿನಷ್ಟು ಹೊತ್ತು, ಇನ್ನೇನಾದರೂ ಉಳಿದಿದೆಯೇನೋ ಎಂಬಂತೆ ಕಾದು, ಆಮೇಲೆ ಬಾಯಿ ತೆಗೆಯುತ್ತಿದ್ದ.

ನಾನು ಹೋದ ದಿನವೇ ಮನೆಯಲ್ಲಿ ಮೋಡ ಕಟ್ಟಿತ್ತು. ಪಕ್ಷದ ತಿಂಗಳು ಹತ್ತಿರ ಬರುತ್ತಿತ್ತು. ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಇಡುತ್ತಾರೆ. ದೊಡ್ಡ ಮಾವ ಯಲ್ಲಪ್ಪ, ಚಿಕ್ಕ ಮಾವನ ಅಣ್ಣ, ಈ ಸಲ ತಮ್ಮನಿಗೂ ಒಂದು ಎಲೆ ಹಾಕಬೇಕೆಂದು ಹಿಡಿದ.

"ಅವ್ನು ಹಸ್ಕೊಂಡ್ ತಿರಿಗ್ತಾ ಇದ್ರೆ ಯಾರಮ್ಮ ಹೊಣೆ? ಒಂದೆಲೆ ಅನ್ನ ಇಟ್ರೆ ಏನ್ ಹೋಯ್ತದೆ?" ಎಂದ ಅಜ್ಜಿಯ ಮುಂದೆ.

ಏನು ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅವನ ಹೆಸರಿಗೆ ಎಡೆ ಇಟ್ಟ ಗಳಿಗೆಗೆ ಗಿರಿಜಾ ಅತ್ತೆ ಮುಂಡೆಯಾಗುತ್ತಾಳೆ. ಬಳೆ, ಕುಂಕುಮ, ಕೊರಳಿನ ತಾಳಿ.

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದಳು. "ಬಾವ, ಸೈಕಲ್ಗೆ ಬೀಗ ಹಾಕ್ಕೊಂಡು ಹೋದೋರು ವಾಪಸ್ ಬರಕ್ಕೇ ಹೋಗಿರ್ತಾರೆ. ಸಾಯಕ್ ಹೋಗೋರು ಬೀಗ ಹಾಕ್ತಾರಾ?"

ಒಳ್ಳೆಯ ವಾದ. ನಾನಾಗಿದ್ದರೂ ಅದನ್ನೇ ಮುಂದಿಡುತ್ತಿದ್ದೆ. ದೊಡ್ಡ ಮಾವ ಎದ್ದುಹೋದ. ಅಜ್ಜಿ ನನ್ನತ್ತ ತಿರುಗಿದಳು. "ಅಮ್ಮಿ, ನೀನು ಓದ್ದೋಳು. ಆ ಪೆಟ್ಗೇಲಿ ಅವ್ನ ಕ್ಯಾಸೆಟ್ಗಳವೆ. ಎಲ್ಲಿಗ್ ಹೋಯ್ತೀನಿ ಅಂತ ಏನಾದ್ರು ಮಡಗವ್ನಾ, ನೋಡು. ಅಮಾಸೆ ಒಳ್ಗೆ ನೋಡ್ಬುಡು."

ಹೀಗೆ ನನ್ನ ಮಳೆಗಾಲದ ಕೆಲಸ ಶುರುವಾಯಿತು. ಹೊರಗೆ ದಿನವಿಡೀ ಸೋನೆ. ಗುಮ್ಮಳಾಪುರದ ಕಡೆಯಿಂದ ಬರುವ ಗಾಳಿಗೆ ಹಿತ್ತಿಲಿನ ಅವರೆ ಬಳ್ಳಿ ತೂಗಾಡುತ್ತಿತ್ತು. ಮಧ್ಯಾಹ್ನವೇ ಮನೆಯೊಳಗೆ ಕತ್ತಲು. ನಾನು ಟಿವಿಯ ಮುಂದೆ ಕೂತು ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕುತ್ತಿದ್ದೆ. ಪ್ರೋಗ್ರಾಮು ಒಳಗೆ ಹೋಗುವಾಗ ಪರದೆಯ ಅಂಚಿನಲ್ಲಿ ಕಪ್ಪುಬಿಳಿ ಪಟ್ಟಿಗಳು ಹುಚ್ಚೆದ್ದು ಓಡುತ್ತವೆ. ಅದರ ಬೆಳಕಿನಲ್ಲಿ ಗೋಡೆ, ತೊಲೆ, ಅಜ್ಜಿಯ ಮುಖ ಎಲ್ಲ ಅದುರುತ್ತಿದ್ದವು. ಅಜ್ಜಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ, "ಉಸಿರಾಡ್ತಾ ಅವ್ನೆ" ಎನ್ನುತ್ತಿದ್ದಳು.

"ಅಜ್ಜೀ, ಅದು ಕರೆಂಟು."

"ಕರೆಂಟೂ ಕಣ್ಗೆ ಕಾಣಲ್ವಲ್ಲ."

ಕ್ಯಾಸೆಟ್ಟುಗಳಲ್ಲಿ ಗುಟ್ಟೇನೂ ಇರಲಿಲ್ಲ. ಹಾವು ಹಿಡಿಯುವ ಆಟ, ಗುಣಾಕಾರ ಕಲಿಸುವುದು, ಹೊಲಕ್ಕೆ ಬೀಜ ಎಷ್ಟು ಬೇಕೆಂದು ಹೇಳುವುದು. ಒಂದು ಮಾತ್ರ ಅಜ್ಜಿಗಾಗಿ ಬರೆದದ್ದು: ಅಮಾವಾಸ್ಯೆ ಯಾವತ್ತು ಎಂದು ಮುಂದಿನ ವರ್ಷಗಳಿಗೆಲ್ಲ ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಮು. ಅದನ್ನು ಓಡಿಸಿ ಗೋಡೆಯ ಕ್ಯಾಲೆಂಡರಿನ ಜೊತೆ ಹೋಲಿಸಿದೆ. ಒಂದು ದಿನ ಮೊದಲೇ ತೋರಿಸುತ್ತಿತ್ತು. ಲಿಸ್ಟ್ ಕೊಟ್ಟು ಸಾಲುಗಳನ್ನು ಓದಿದೆ. ತಪ್ಪು ಸಿಕ್ಕಿತು. ಚಂದ್ರನ ತಿಂಗಳಿಗೆ ಇಪ್ಪತ್ತೊಂಬತ್ತೂವರೆ ದಿನಕ್ಕಿಂತ ತುಸು ಹೆಚ್ಚು. ಅವನು ಪ್ರತಿ ತಿಂಗಳೂ ಆ ಚೂರನ್ನು ಕತ್ತರಿಸಿ ಎಸೆದುಬಿಟ್ಟಿದ್ದ. ಎಸೆದ ಚೂರುಗಳೆಲ್ಲ ಸೇರಿ ಒಂದು ದಿನವಾಗಿತ್ತು.

ನನಗೆ ಖುಷಿಯೋ ಖುಷಿ. ಖಾಲಿ ಕೋಣೆಗೆ, ಟಿವಿಗೆ, ಅವನು ಕೂರುತ್ತಿದ್ದ ಮಣೆಗೆ ನಿಂತು ಭಾಷಣವೇ ಮಾಡಿಬಿಟ್ಟೆ. "ಮಾವ, ಇಲ್ಲಿ ನೀನು ತಪ್ಪಿದ್ದೀಯ! ಉಳಿದ ಚೂರನ್ನ ಎಸೀಬಾರ್ದು, ಮುಂದಿನ ತಿಂಗ್ಳಿಗೆ ಹೊತ್ಕೊಂಡು ಹೋಗ್ಬೇಕು. ಒಂದು ದಿನ ಎಲ್ಲಿ ಹೋಯ್ತು, ಹೇಳು ನೋಡಣ?"

ಹಿತ್ತಿಲಿನಿಂದ ಅತ್ತೆ, "ಯಾರ್ಜೊತೆ ಅಮ್ಮಿ ಜಗ್ಳ?" ಎಂದು ಕೂಗಿದಳು. ಹಿಂದೆ ಮಿಷನ್ನು ಕುಕ್ ಕುಕ್ ಎನ್ನುತ್ತಿತ್ತು. ಅಷ್ಟೇ. ಯಾವ ಉತ್ತರವೂ ಬರಲಿಲ್ಲ, ಬರಬೇಕೆಂದು ನಾನು ಕಾಯಲೂ ಇಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅವನ ದನಿ ಸಿಕ್ಕಿತು.

ಇದರಲ್ಲಿ ಪವಾಡವಿಲ್ಲ, ವಿವರಿಸುತ್ತೇನೆ. ಟೇಪಿನಿಂದ ಕಂಪ್ಯೂಟರಿಗೆ ಹೋಗುವ ವೈರನ್ನು ರೆಕಾರ್ಡರಿನ ಇಯರ್‌ಫೋನು ತೂತಿಗೆ ಸಿಕ್ಕಿಸಬೇಕು. ಸಿಕ್ಕಿಸಿದರೆ ರೆಕಾರ್ಡರಿನ ಸ್ಪೀಕರು ಮೂಕವಾಗುತ್ತದೆ. ನಾನು ಅಷ್ಟು ದಿನವೂ ಮೂಕ ಟೇಪುಗಳನ್ನೇ ಓಡಿಸುತ್ತಿದ್ದೆ. ಒಂದು ಮಧ್ಯಾಹ್ನ ಲೋಡ್ ಆಗುತ್ತಿದ್ದಂತೆಯೇ ಕರೆಂಟು ಹೋಯಿತು. ಟಿವಿ ಸತ್ತಿತು, ಕಂಪ್ಯೂಟರು ಸತ್ತಿತು. ಶೆಲ್ಲು ಹಾಕಿದ್ದ ರೆಕಾರ್ಡರು ಮಾತ್ರ ಸುತ್ತುತ್ತಲೇ ಇತ್ತು. ಟೇಪನ್ನು ಹಿಂದಕ್ಕೆ ಸುತ್ತಿ, ಬೇಜಾರಿಗೆ ವೈರು ಕಿತ್ತು ಮತ್ತೆ ಒತ್ತಿದೆ.

"ಇದು ಹಾವಿನ ಆಟ. ವಾಲ್ಯೂಮು ಗೀಟಿಗಿಡು. ಟೋನು ಪೂರಾ ಮೇಲಕ್ಕೆ. ಓಡ್ಸೋ ಮುಂಚೆ ತೆಗ್ದು ನೋಡು."

ಕತ್ತಲ ಕೋಣೆಯಲ್ಲಿ, ಒಂದು ಮೊಳ ದೂರದಲ್ಲಿ, ಚಿಕ್ಕ ಮಾವ. ಅದರ ಹಿಂದೆಯೇ ಪ್ರೋಗ್ರಾಮಿನ ಕಿರುಚಾಟ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ. ಬಾಗಿಲಲ್ಲಿ ಏನೋ ಬಿತ್ತು. ಅತ್ತೆ ರಾಗಿ ತೊಳೆಯುತ್ತಿದ್ದ ಕೈಯಲ್ಲೇ ಓಡಿಬಂದು ನಿಂತಿದ್ದಳು. ತೋಳಿನಿಂದ ನೀರು ಇಳಿಯುತ್ತಿತ್ತು.

"ಎಲ್ಲವ್ರೆ?" ಎಂದಳು.

ಟೇಪಿನಲ್ಲಿ ಯಾವ ಪ್ರೋಗ್ರಾಮು ಎಲ್ಲಿದೆ ಎಂದು ಹುಡುಕಲು ಅನುಕೂಲವಾಗಲೆಂದು ಮನೆಯಲ್ಲಿ ಕಂಪ್ಯೂಟರು ಇಟ್ಟುಕೊಂಡವರು ಅನೇಕರು ಹೀಗೆ ಮೊದಲು ಬಾಯಲ್ಲಿ ಹೆಸರು ಹೇಳಿ, ಆಮೇಲೆ ವೈರು ಸಿಕ್ಕಿಸಿ ಉಳಿಸುತ್ತಾರೆ. ಇದನ್ನು ಅತ್ತೆಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. "ಗೀಟಿಗಿಡು ಅಂತ ಯಾರ್ಗೆ ಹೇಳ್ತವ್ರೆ? ಅವ್ರಿಗೇ ಅವ್ರು ಹೇಳ್ಕೊತಾರಾ?"

"ಹೇಳ್ಕೊತಾರೆ ಅತ್ತೆ. ನಾನೂ ಹೇಳ್ಕೊತೀನಿ."

"ನೀನು ಬಿಡು" ಎಂದಳು.

ಅಲ್ಲಿಂದ ಮುಂದೆ ಅಡುಗೆ ಮುಗಿದ ಮೇಲೆ ನಾವಿಬ್ಬರೂ ವೈರು ಕಿತ್ತು ಕೂರುತ್ತಿದ್ದೆವು. ಪ್ರತಿ ಕಿರುಚಾಟದ ಮುಂದೆಯೂ ಅವನ ಮೂರು ನಾಲ್ಕು ಮಾತು. ಬಟನ್ನು ಒತ್ತಿದ ಕ್ಲಿಕ್ಕು, ಆ ಕ್ಲಿಕ್ಕಿನ ಬೆನ್ನಿಗೇ "ಇದು..." ಎಂಬ ಶಬ್ದ. ಎಲ್ಲವೂ ಒಂದೇ ತರ. ಗೊತ್ತಿರುವ ಮನುಷ್ಯ ಗೊತ್ತಿರುವ ಮಾತನ್ನೇ ಹೇಳುತ್ತಿದ್ದರೂ ಮೈಯ ಕೂದಲು ನಿಲ್ಲುತ್ತದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಅವನು ಹೇಳಿದಂತೆ ಅತ್ತೆ ವಾಲ್ಯೂಮನ್ನು ತನ್ನ ಉಗುರಿನ ಬಣ್ಣದ ಗೀಟಿಗೆ ತಿರುಗಿಸುತ್ತಿದ್ದಳು. ಅವನು ಹೇಳಿದ ಮೇಲೆ, ಪ್ರತಿ ಸಲವೂ, ಮೊದಲೇ ಅಲ್ಲಿದ್ದರೂ ಒಂದು ಚೂರು ಅಲುಗಿಸಿ ಮತ್ತೆ ಅಲ್ಲಿಗೇ ತರುತ್ತಿದ್ದಳು.

ಅಮಾವಾಸ್ಯೆಯ ಕ್ಯಾಸೆಟ್ಟಿಗೆ ಬಂದೆವು. ಮೊದಲ ಬದಿಯಲ್ಲಿ, "ಇದು ಅಮಾಸೆ. ಅಮ್ಮನಿಗೆ." ಮಗುಚಿ ಎರಡನೇ ಬದಿ ಹಾಕಿದೆ. ಎಲ್ಲ ಕ್ಯಾಸೆಟ್ಟುಗಳ ಎರಡೂ ಬದಿ ನೋಡಿದ್ದೇನೆಂದು ನನ್ನ ನಂಬಿಕೆ. ಇದೊಂದನ್ನು ಬಿಟ್ಟಿದ್ದರೂ ಬಿಟ್ಟಿದ್ದೆನೇನೋ. ಸ್ವಲ್ಪ ಹೊತ್ತು ಗುಜುಗುಜು, ದೂರದ ರೇಡಿಯೋದಂತೆ. ಆಮೇಲೆ ಅವನು.

"ಇದು ಅಮಾಸೆ. ತಿದ್ದಿದ್ದು."

ಕಿರುಚಾಟ ಶುರುವಾದ ಮೇಲೆ ನಿಲ್ಲಿಸಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದಳು. "ಇನ್ನೊಂದ್ಸಲ ಹಾಕು."

ಹಾಕಿದೆ. ಅವನ ಮಾತಿನ ಅಡಿಯಲ್ಲಿ, ಮೆಲ್ಲಗೆ, ಬಿಡದೆ: ಕುಕ್, ಕುಕ್, ಕುಕ್.

ಹಿತ್ತಿಲ ಮಿಷನ್ನು. ಆ ಹೊತ್ತಿನಲ್ಲಿ ಅದು ಓಡುತ್ತಿರಲಿಲ್ಲ. ಟೇಪಿನಲ್ಲಿ ಓಡುತ್ತಿತ್ತು. ಆ ಮಿಷನ್ನು ನಮ್ಮ ಮನೆಯ ಹಿಂದೆ ಬಂದದ್ದು ಆ ವರ್ಷದ ಯುಗಾದಿಗೆ. ಮಾವ ಕಾಣೆಯಾದದ್ದು ಅದಕ್ಕೂ ಮುಂಚಿನ ರಾಗಿ ಕೊಯ್ಲಿಗೆ.

ಮಳೆಯಲ್ಲೇ ಓಡಿಹೋಗಿ ಮಿಷನ್ನಿನವನನ್ನು ವಿಚಾರಿಸಿದೆ. ಮೊದಲು ಅಲ್ಲಿ ಇನ್ನಾವುದಾದರೂ ಎಂಜಿನ್ ಇತ್ತೇ? "ಇಲ್ಲಮ್ಮ, ಹುಲ್ಲಿನ್ ಬಣವೆ ಇತ್ತು" ಎಂದ. ಪೇಟೆ ಬೀದಿಯ ಹಳೆಯ ಮಿಷನ್ನು? ಅದು ಕರೆಂಟಿನದು, ಕುಕ್ ಎನ್ನುವುದಿಲ್ಲ. ವಾಪಸ್ಸು ಬಂದು ಆ ಬದಿಯ ಪ್ರೋಗ್ರಾಮನ್ನು ಲೋಡ್ ಮಾಡಿ ಲಿಸ್ಟ್ ಕೊಟ್ಟೆ. ಒಂದೇ ಒಂದು ಸಾಲು ಬದಲಾಗಿತ್ತು. ನಾನು ಖಾಲಿ ಮಣೆಗೆ ಹೇಳಿದ್ದ ಸಾಲು. ಚೂರನ್ನು ಎಸೆಯದೆ ಮುಂದಿನ ತಿಂಗಳಿಗೆ ಹೊರಿಸಿತ್ತು. ಓಡಿಸಿದೆ. ಅಮಾವಾಸ್ಯೆ ಕ್ಯಾಲೆಂಡರಿನ ದಿನಕ್ಕೇ ಬಂದು ಕೂತಿತು.

ನಾನು ಕಲಿತದ್ದನ್ನೆಲ್ಲ ಬಳಸಿದೆ. ಯಾರಾದರೂ ಹಳೆಯ ಟೇಪನ್ನು ಇನ್ನೊಂದು ರೆಕಾರ್ಡರಿನ ಮುಂದೆ ಹಾಡಿಸಿ ನಕಲು ಮಾಡಿರಬಹುದೇ? ಹಾಗೆ ಗಾಳಿಯಲ್ಲಿ ಮಾಡಿದ ನಕಲು ಹಾಡಿಗೆ ಸಾಕು, ಪ್ರೋಗ್ರಾಮಿಗೆ ಸಾಲದು. ಮಿಷನ್ನಿನ ಸದ್ದು ಬೆರೆತರೆ ಕಂಪ್ಯೂಟರು ಒಂದಕ್ಷರವನ್ನೂ ಹಿಡಿಯುವುದಿಲ್ಲ. ಇದು ಒಂದೇ ಸಲಕ್ಕೆ ಲೋಡ್ ಆಗಿತ್ತು. ಅಂದರೆ ಪ್ರೋಗ್ರಾಮು ನೇರ ವೈರಿನಿಂದ ಬಂದದ್ದು, ಮಾತು ಈ ಕೋಣೆಯಲ್ಲಿ ಆಡಿದ್ದು, ಆಡುವಾಗ ಹಿಂದೆ ಮಿಷನ್ನು ಓಡುತ್ತಿದ್ದದ್ದು. ನನ್ನ ತರ್ಕವೇ ನನ್ನನ್ನು ಕೈಹಿಡಿದು ಆ ಮಣೆಯವರೆಗೆ ಕರೆದುಕೊಂಡು ಹೋಗಿ, ಅಲ್ಲಿ ಬಿಟ್ಟಿತು.

"ಅಂದ್ರೆ ಬಂದಿದ್ರು" ಎಂದಳು ಅತ್ತೆ. ಅವಳ ಮುಖ ದೀಪ ಹಚ್ಚಿದಂತಾಗಿತ್ತು. "ನಾವು ಹೊಲಕ್ ಹೋದಾಗ ಬಂದು, ಕೂತು, ತಿದ್ದಿ ಹೋಗವ್ರೆ. ಬದ್ಕವ್ರೆ."

ಅಮಾವಾಸ್ಯೆಯ ಬೆಳಿಗ್ಗೆ ದೊಡ್ಡ ಮಾವ ಬಾಳೆ ಎಲೆಯ ಕಟ್ಟು ಹೊತ್ತು ಬಂದ. ಅತ್ತೆ ಅವನನ್ನು ಕೂರಿಸಿ ರೆಕಾರ್ಡರು ಮುಂದಿಟ್ಟಳು. ಹೇಳಬೇಕಾದದ್ದನ್ನು ನಾನು ಹೇಳಿದೆ, ಬಣವೆಯಿಂದ ಹಿಡಿದು ಬದಲಾದ ಸಾಲಿನವರೆಗೆ. ಎರಡು ಸಲ ಅವನು ಬಾಯಿ ಹಾಕಿದ, ಎರಡು ಸಲವೂ ನಾನು ಗಂಟಲು ಏರಿಸಿದೆ. ಆಮೇಲೆ ಅತ್ತೆ ಬಟನ್ನು ಒತ್ತಿದಳು.

ದೊಡ್ಡ ಮಾವ ಟೇಪಿನಲ್ಲಿ ತಮ್ಮನ ದನಿ ಕೇಳಿದ. ಅದರಡಿಯ ಕುಕ್ ಕುಕ್ ಕೇಳಿದ. ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ.

"ನೋಡ್ದಾ ಗಿರಿಜಾ" ಎಂದ ಕೊನೆಗೆ, ಬೈಯುವ ದನಿಯಲ್ಲಲ್ಲ. "ಬದ್ಕಿರೋನು ಹೆಂಡ್ತೀನ ನೋಡ್ದೆ, ಅವ್ವನ್ನ ಮಾತಾಡಿಸ್ದೆ, ಕಳ್ಳನಂಗ್ ಬಂದು ಓಯ್ತಾನಾ? ಸತ್ತೋನು ಕಣಮ್ಮ ಅಂಗ್ ಬರೋದು. ಹಸ್ಕೊಂಡು ಬಂದವ್ನೆ. ಇವತ್ತು ಎಲೆ ಹಾಕ್ಲೇಬೇಕು."

ನಾನು ಪಟ್ಟಿಮನ್ರಂಗಳಲ್ಲಿ ಎದುರು ಪಕ್ಷದ ಸಾಕ್ಷಿಯನ್ನು ಒಡೆಯುವುದು ಕಲಿತಿದ್ದೆ. ಒಂದೇ ಸಾಕ್ಷಿಯನ್ನು ಎರಡು ಪಕ್ಷವೂ ಎದೆಗೆ ಅವುಚಿಕೊಂಡು ನಿಂತರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಅದೇ ಟೇಪು ಅವಳಿಗೆ ಜೀವ, ಅವನಿಗೆ ಸಾವು. ನನಗೆ? ನಾನು ಯಾವ ಪಕ್ಷದಲ್ಲೂ ಇರಲಿಲ್ಲ, ಆದರೂ ಬೆನ್ನು ಗೋಡೆಗೆ ತಾಗಿಸಿಕೊಂಡೇ ಕೂತಿದ್ದೆ.

ತೀರ್ಪು ಅಜ್ಜಿಯದು. ಅವಳು ಎದ್ದು ಒಳಗೆ ಹೋಗಿ, ಚಿಕ್ಕ ಮಾವನ ಕಂಚಿನ ತಟ್ಟೆಗೆ ಮುದ್ದೆ, ಅವರೆಕಾಳು ಸಾರು, ಒಂದು ವಡೆ ಹಾಕಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಒಲೆಯ ಪಕ್ಕದ ಗೂಡಿನಲ್ಲಿಟ್ಟಳು. ಕಾರ್ಖಾನೆಯಿಂದ ತಡವಾಗಿ ಬರುವ ದಿನಗಳಲ್ಲಿ ಇಡುತ್ತಿದ್ದ ಹಾಗೆಯೇ.

"ಎಡೆ ಇಕ್ಕಲ್ಲ ಕಣ್ಲಾ ಯಲ್ಲಪ್ಪ. ಊಟ ಮುಚ್ಚಿ ಮಡಗಿವ್ನಿ. ಬದ್ಕಿದ್ರೂ ಉಣ್ಲಿ, ಇಲ್ದಿದ್ರೂ ಉಣ್ಲಿ. ನಾನಿರೋಗಂಟ ಇಷ್ಟೇಯ."

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಆ ತಟ್ಟೆಯನ್ನು ನಾನೇ ತೆಗೆದು ನೋಡಿದೆ. ಮುದ್ದೆ ಹಾಗೆಯೇ ಇತ್ತು, ಮೇಲೆ ಒಣ ಪದರ ಕಟ್ಟಿತ್ತು. ಇದನ್ನೂ ಬರೆಯಬೇಕು, ಬಿಟ್ಟರೆ ಮೋಸವಾಗುತ್ತದೆ. ಅತ್ತೆ ಅದನ್ನು ಹಸುವಿಗೆ ಹಾಕಿದಳು. ಮುಷ್ಕರ ಮುಗಿಯಿತು, ನಾನು ಕೃಷ್ಣಗಿರಿಗೆ ಹೋದೆ.

ಅಜ್ಜಿ ಕಳೆದ ಬೇಸಿಗೆಯಲ್ಲಿ ತೀರಿಕೊಂಡಳು. ಅವಳಿರುವವರೆಗೆ ಎಂಬ ತೀರ್ಪು ಅಲ್ಲಿಗೆ ಮುಗಿಯಿತು. ಈ ಸಲದ ಅಮಾವಾಸ್ಯೆಗೆ ಅಜ್ಜಿಯ ಎಲೆ ಹಾಕಲೇಬೇಕು. ಜೊತೆಗೆ ತಮ್ಮನಿಗೂ ಇನ್ನೊಂದು ಎಲೆ ಹಾಕೋಣವೇ ಎಂದು ದೊಡ್ಡ ಮಾವ ಮತ್ತೆ ಕೇಳುತ್ತಿದ್ದಾನೆಂದು ಅಮ್ಮ ಹೇಳಿದಳು. ನನ್ನಲ್ಲಿ ಅಷ್ಟು ಹೊತ್ತಿಗೆ ಉತ್ತರ ತಯಾರಿತ್ತು.

ಉತ್ತರ ಸಿಕ್ಕಿದ್ದು ನನ್ನದೇ ಟೇಪ್‌ರೆಕಾರ್ಡರಿನಿಂದ. ಒಂದು ಹಳೆಯ ಕ್ಯಾಸೆಟ್ಟಿನ ಮೇಲೆ ನನ್ನ ಭಾಷಣವನ್ನು ರೆಕಾರ್ಡು ಮಾಡಿಕೊಂಡೆ. ಕೇಳಿದರೆ ಭಾಷಣದ ಅಡಿಯಲ್ಲಿ ಹಳೆಯ ಹಾಡು ಹಾಗೆಯೇ ಹಾಡುತ್ತಿತ್ತು. ಬಿಚ್ಚಿ ನೋಡಿದೆ. ರೆಕಾರ್ಡರಿನಲ್ಲಿ ಬರೆಯುವ ಹೆಡ್ಡಿನ ಪಕ್ಕದಲ್ಲಿ ಹಳೆಯದನ್ನು ಒರೆಸಿಹಾಕುವ ಹೆಡ್ಡೊಂದಿರುತ್ತದೆ. ಅದು ಕೆಟ್ಟರೆ ಹಳೆಯದು ಪೂರ್ತಿ ಹೋಗದೆ ಹೊಸದರ ಅಡಿಯಲ್ಲಿ ಉಳಿಯುತ್ತದೆ. ಇಬ್ಬರು ಬೇರೆ ಬೇರೆ ಕಾಲದಲ್ಲಿ ಆಡಿದ ಮಾತು ಒಂದೇ ಕೋಣೆಯಲ್ಲಿ ಆಡಿದಂತೆ ಕೇಳಿಸುತ್ತದೆ.

ಇನ್ನೇನು ಬೇಕು? ಮಾವನ ರೆಕಾರ್ಡರಿನಲ್ಲೂ ಅದೇ ಹೆಡ್ಡು ಕೆಟ್ಟಿರಬೇಕು. ಮಾವ ಕಾಣೆಯಾಗುವ ಮೊದಲೇ ತನ್ನ ತಪ್ಪನ್ನು ತಾನೇ ಕಂಡು, ತಿದ್ದಿ, ತನ್ನ ಪದ್ಧತಿಯಂತೆ ಎರಡನೇ ಬದಿಗೆ ಹಾಕಿಟ್ಟಿದ್ದ. ಆಮೇಲೆ ಆ ಮಳೆಗಾಲದಲ್ಲಿ ಯಾರದೋ ಬೆರಳು ರೆಕಾರ್ಡು ಮಾಡುವ ಕೆಂಪು ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿದೆ. ಹಳೆಯ ಮಾತಿನ ಮೇಲೆ ಹೊಸ ಮಿಷನ್ನಿನ ಸದ್ದು ಕೂತಿದೆ. ಅಷ್ಟೇ. ಬಂದವರಿಲ್ಲ, ಕೂತವರಿಲ್ಲ. ಇದನ್ನು ಹೇಳಿದರೆ ಅತ್ತೆಗಿರುವ ಒಂದೇ ಸಾಕ್ಷಿ ಹೋಗುತ್ತದೆ ಎಂದು ಗೊತ್ತಿತ್ತು. ನಿಜವನ್ನು ತಿಳಿಯುವ ಹಕ್ಕು ಅವಳಿಗಿದೆ, ಸುಳ್ಳಿನ ಮೇಲೆ ಯಾರನ್ನೂ ಕೂರಿಸಬಾರದು ಎಂದು ಅಮಾವಾಸ್ಯೆಯ ಬೆಳಿಗ್ಗೆ ಬಸ್ಸಿನುದ್ದಕ್ಕೂ ನನಗೆ ನಾನೇ ವಾದಿಸಿಕೊಂಡು ಬಂದೆ.

ಅತ್ತೆ ಈಗ ಹೊಸೂರಿನ ಒಂದು ಕಾರ್ಖಾನೆಯ ಪ್ಯಾಕಿಂಗಿಗೆ ಹೋಗುತ್ತಾಳೆ. ಕುಂಕುಮ ಇತ್ತು, ಬಳೆ ಇತ್ತು. ಕಂಪ್ಯೂಟರು ಎಂದೋ ಸತ್ತಿದೆ. ರೆಕಾರ್ಡರು ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಕೂತಿದೆ, ಗೀಟು ಮಾಸಿಲ್ಲ.

"ಏನಮ್ಮಿ, ವಾದ ತಂದಂಗೈತೆ" ಎಂದಳು ನನ್ನ ಮುಖ ನೋಡಿ. "ನಿಮ್ಮಜ್ಜೀಗ್ ಎಡೆ ಇಕ್ಕಿದ್ ಮೇಲೆ ಹೇಳು."

"ಅದಕ್ ಮುಂಚೇನೇ ಹೇಳ್ಬೇಕು ಅತ್ತೆ. ಒಂದ್ ಪರೀಕ್ಷೆ ಮಾಡಿ ಹೇಳ್ತೀನಿ. ಆ ವರ್ಷ ನೀನು ಆ ಕೆಂಪು ಗುಂಡಿ ಏನಾದ್ರು ಒತ್ತಿದ್ಯಾ?"

"ಅದನ್ನ ಅವ್ರು ಬಿಟ್ರೆ ಯಾರೂ ಮುಟ್ತಿರ್ಲಿಲ್ಲ" ಎಂದು ಅಡುಗೆಮನೆಗೆ ಹೋದಳು.

ಜನ ಮರೆಯುತ್ತಾರೆ. ಪರೀಕ್ಷೆ ಸರಳವಾದದ್ದು. ನನ್ನ ವಾದ ಸರಿಯಾಗಿದ್ದರೆ ಆ ಟೇಪಿನಲ್ಲಿ ಮಿಷನ್ನಿನ ಜೊತೆ ಆ ಮಳೆಗಾಲದ ಬೇರೆ ಸದ್ದೂ ಸಿಗಬೇಕು. ಅಂದು ನಾವು ರೇಡಿಯೋ ಎಂದುಕೊಂಡ ಆ ಗುಜುಗುಜು ಏನು? ಚೀಲದಿಂದ ಇಯರ್‌ಫೋನು ತೆಗೆದು ಸಿಕ್ಕಿಸಿ, ಎರಡನೇ ಬದಿ ಹಾಕಿ, ವಾಲ್ಯೂಮನ್ನು ಗೀಟು ದಾಟಿಸಿದೆ.

ಕುಕ್, ಕುಕ್. ಅದರ ನಡುವೆ ದೂರದಲ್ಲಿ ಒಂದು ಹೆಣ್ಣು ದನಿ. ಕಣ್ಣು ಮುಚ್ಚಿದೆ. "...ಎಸೀಬಾರ್ದು, ಮುಂದಿನ ತಿಂಗ್ಳಿಗೆ ಹೊತ್ಕೊಂಡು ಹೋಗ್ಬೇಕು. ಒಂದು ದಿನ ಎಲ್ಲಿ ಹೋಯ್ತು, ಹೇಳು ನೋಡಣ?"

ನಾನೇ. ನನ್ನ ಭಾಷಣ.

ಗೆದ್ದೆ. ಇದಕ್ಕಿಂತ ಚೊಕ್ಕಟವಾದ ಸಾಕ್ಷಿ ಯಾವ ವೇದಿಕೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಆ ದಿನ ರೆಕಾರ್ಡರು ಬರೆದುಕೊಳ್ಳುತ್ತಿತ್ತು, ಒರೆಸುವ ಹೆಡ್ಡು ಕೆಟ್ಟಿತ್ತು, ಮುಗಿಯಿತು. ಎದ್ದು ಅತ್ತೆಯನ್ನು ಕರೆಯಬೇಕು. ಕರೆಯುವ ಮುನ್ನ, ಖಚಿತ ಮಾಡಿಕೊಳ್ಳಲೆಂದು, ಟೇಪನ್ನು ಹಿಂದಕ್ಕೆ ಸುತ್ತಿ ಇನ್ನೊಂದು ಸಲ ಕೇಳಿದೆ. ಈ ಸಲ ಮಾತನ್ನಲ್ಲ, ಮಾತುಗಳ ನಡುವಿನ ಜಾಗವನ್ನು ಕೇಳಿದೆ.

ಉಳಿದ ಎಲ್ಲ ಟೇಪುಗಳಲ್ಲೂ ಮಾವ ಬಟನ್ನು ಒತ್ತಿದ ಕೂಡಲೇ ಮಾತಾಡುತ್ತಾನೆ. ಕ್ಲಿಕ್ಕು, "ಇದು". ಕ್ಲಿಕ್ಕು, "ಇದು". ನಡುವೆ ಉಸಿರಿಗೂ ಜಾಗವಿಲ್ಲ. ಇಲ್ಲಿ ಕ್ಲಿಕ್ಕು ಕೇಳಿತು. ಅವನು ಮಾತಾಡಲಿಲ್ಲ. ನನ್ನ ದನಿ ಬಂತು, ಏರಿತು, "ಹೇಳು ನೋಡಣ" ಎಂದು ಮುಗಿಯಿತು. ಮುಗಿದ ಮೇಲೆ ಒಂದು ಉಸಿರಿನಷ್ಟು ಹೊತ್ತು, ಇನ್ನೇನಾದರೂ ಉಳಿದಿದೆಯೇನೋ ಎಂಬಂತೆ, ಏನೂ ಇಲ್ಲ.

ಆಮೇಲೆ ಅವನು ಹೇಳಿದ: "ಇದು ಅಮಾಸೆ. ತಿದ್ದಿದ್ದು."

ದೊಡ್ಡ ಮಾವ ಎಲೆಯ ಕಟ್ಟು ಹಿಡಿದು ಬಾಗಿಲಿಗೆ ಬಂದಿದ್ದ. ಬಾಯಿ ಆಡುವುದು ಕಾಣಿಸಿತು. ಒಂದು ಕಿವಿಯ ಇಯರ್‌ಫೋನು ಕಿತ್ತೆ.

"ಬಂದ್ಯಾ ತಾಯಿ? ನೀನೇ ಹೇಳು, ನಿನ್ ಮಾತ್ಗೆ ಅವ್ಳೂ ಒಪ್ತಾಳೆ. ಎಲೆ ಒಂದಾ, ಎರಡಾ?"

"ದೊಡ್ಡ ಮಾವ, ಈ ಟೇಪಲ್ಲಿ ನಾನು ಮಾತಾಡಿರೋದು..."

"ಟೇಪೆಲ್ಲ ಆಮೇಲ್ ಹೇಳುವಂತೆ. ಒಂದಾ, ಎರಡಾ?"

ಅಡುಗೆಮನೆಯಲ್ಲಿ ಬಳೆಯ ಸದ್ದು ನಿಂತಿತ್ತು. ತಟ್ಟೆಯ ಮೇಲೆ ತಟ್ಟೆ ಮುಚ್ಚಲು ಹೊರಟ ಕೈ ಹಾಗೆಯೇ ತಡೆದು ಕಾಯುತ್ತಿರಬೇಕು.

"ಒಂದು" ಎಂದೆ.

ಇನ್ನೊಂದು ಕಿವಿಯಲ್ಲಿ ಪ್ರೋಗ್ರಾಮು ಕಿರುಚಲು ಶುರುಮಾಡಿತ್ತು.